ಕಂಪನಿ ಕೆಲಸ ಬಿಟ್ಟು ಆಡಿಟ್ ಫರ್ಮ್ ಸೇರುವ ಹೊಸ ಸಿಎಗೆ

ಸಿಎ ಪಾಸಾದ ಕೂಡಲೇ ಒಂದು ತಯಾರಿಕಾ ಕಂಪನಿಯ ಫೈನಾನ್ಸ್ ವಿಭಾಗ ಸೇರಿದ್ದೀರಿ, ಈಗ ಬೆಂಗಳೂರಿನ ಆಡಿಟ್ ಫರ್ಮ್‌ಗೆ ಹೋಗುವ ಮನಸ್ಸಾಗಿದೆ, ತೆಗೆದುಕೊಳ್ಳುತ್ತಾರಾ, ಏನು ತಯಾರಿ ಬೇಕು ಅಂತ ಕೇಳಿದ್ದೀರಿ. ತೆಗೆದುಕೊಳ್ಳುತ್ತಾರೆ. ಪಾಸಾಗಿ ಒಂದೆರಡು ವರ್ಷದೊಳಗೆ ಬಂದರೆ ನಿಮ್ಮ ಕಂಪನಿ ಅನುಭವವೇ ನಿಮ್ಮ ಬಲ. ನಾಲ್ಕೈದು ವರ್ಷ ಕಳೆದ ಮೇಲೆ ಕಷ್ಟ. ಆಗ ಸಂಬಳ ಮೇಲೆ ಹೋಗಿರುತ್ತದೆ, ಆಡಿಟ್ ಫೈಲ್ ಮುಟ್ಟಿ ಬಹಳ ಕಾಲವಾಗಿರುತ್ತದೆ, ಯಾವ ಮಟ್ಟದಲ್ಲಿ ಕೂರಿಸಬೇಕು ಅಂತ ಫರ್ಮ್‌ಗೂ ಗೊತ್ತಾಗುವುದಿಲ್ಲ.

ಮೊದಲು ಸಮಯ ನೋಡಿಕೊಳ್ಳಿ. ಲಿಸ್ಟೆಡ್ ಕಂಪನಿಗಳ ವಾರ್ಷಿಕ ಫಲಿತಾಂಶ ಮಾರ್ಚ್ 31ರಿಂದ 60 ದಿನದೊಳಗೆ ಬರಬೇಕು, ಹಾಗಾಗಿ ಏಪ್ರಿಲ್ ಮತ್ತು ಮೇ ಅಲ್ಲಿಗೇ ಹೋಗುತ್ತವೆ. ಪ್ರೈವೇಟ್ ಕಂಪನಿಗಳ ವಾರ್ಷಿಕ ಸಭೆಗೂ ಟ್ಯಾಕ್ಸ್ ಆಡಿಟ್ ವರದಿಗೂ ಸೆಪ್ಟೆಂಬರ್ 30 ಗಡುವು. ಜುಲೈನಿಂದ ಸೆಪ್ಟೆಂಬರ್‌ವರೆಗೆ ಫರ್ಮ್‌ನಲ್ಲಿ ಯಾರಿಗೂ ನಿಮಗೆ ಕಲಿಸುವ ಪುರುಸೊತ್ತು ಇರುವುದಿಲ್ಲ. ಆಗ ಸೇರಿದವರ ಕೈಗೆ ಅರ್ಧ ಮುಗಿದ ಫೈಲ್ ಬರುತ್ತದೆ, ಯಾವ ಪರೀಕ್ಷೆಯನ್ನು ಯಾಕೆ ಆರಿಸಿದ್ದಾರೆ ಅನ್ನುವುದು ತಿಳಿಯದೆಯೇ ಕೆಲಸ ಮುಗಿಸಬೇಕಾಗುತ್ತದೆ. ಅಕ್ಟೋಬರ್‌ನಿಂದ ಜನವರಿಯೊಳಗೆ ಸೇರಿದರೆ ಪ್ಲಾನಿಂಗ್, ಕಂಟ್ರೋಲ್ ಪರೀಕ್ಷೆ (ಕಂಪನಿಯ ಒಳಗಿನ ತಪಾಸಣೆ ವ್ಯವಸ್ಥೆ ಸರಿಯಾಗಿ ನಡೆಯುತ್ತಿದೆಯಾ ಅಂತ ನೋಡುವುದು), ಮಾರ್ಚ್ 31ರ ಸ್ಟಾಕ್ ಎಣಿಕೆ, ಕೊನೆಗೆ ವರದಿ, ಒಂದು ಫೈಲಿನ ಪೂರ್ತಿ ಸುತ್ತು ಕಾಣಸಿಗುತ್ತದೆ. ಕಂಪನಿಯಲ್ಲಿ ಎರಡು ಮೂರು ತಿಂಗಳ ನೋಟಿಸ್ ಇದ್ದರೆ ಆಗಸ್ಟ್ ಹೊತ್ತಿಗೆ ರಾಜೀನಾಮೆ ಕೊಡುವಂತೆ ಲೆಕ್ಕ ಹಾಕಿ.

ಇನ್ನು ಕೆಲಸದ ಸ್ವಭಾವ. ಎಡವುವುದು ಇಲ್ಲೇ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕಂಪನಿಯಲ್ಲಿ ಲೆಡ್ಜರ್ ತಾಳೆಯಾದರೆ ಕೆಲಸ ಮುಗಿಯಿತು. ಆಡಿಟ್‌ನಲ್ಲಿ ಪರೀಕ್ಷೆಗೆ ಒಳಗಾಗಬೇಕಾದದ್ದೇ ಆ ಲೆಡ್ಜರ್, ಅದನ್ನೇ ಪುರಾವೆ ಅಂತ ಇಟ್ಟುಕೊಳ್ಳುವ ಹಾಗಿಲ್ಲ. ಗ್ರಾಹಕರಿಂದ ಬರಬೇಕಾದ ಬಾಕಿಯನ್ನೇ ತೆಗೆದುಕೊಳ್ಳಿ. ಎಸ್‌ಎ ಅಂದರೆ ಆಡಿಟರ್‌ಗಳು ಪಾಲಿಸಬೇಕಾದ ಆಡಿಟ್ ಮಾನದಂಡ. ಎಸ್‌ಎ 505ರ ಪ್ರಕಾರ ಬಾಕಿ ದೃಢೀಕರಣದ ಪತ್ರಗಳು ಆಡಿಟರ್ ಹಿಡಿತದಲ್ಲಿರಬೇಕು. ಯಾರಿಗೆ ಕಳಿಸಬೇಕು ಅಂತ ಆರಿಸುವುದು ನೀವು, ವಿಳಾಸ ಅಥವಾ ಇಮೇಲ್ ಸರಿಯಾದದ್ದೇ ಅಂತ ನೋಡುವುದು ನೀವು, ಉತ್ತರ ಬರಬೇಕಾದದ್ದೂ ನೇರವಾಗಿ ನಿಮಗೇ. ಕ್ಲೈಂಟ್‌ನ ಅಕೌಂಟೆಂಟ್ ಫಾರ್ವರ್ಡ್ ಮಾಡಿದ ಪಿಡಿಎಫ್ ಅನ್ನು ಹಾಗೇ ಫೈಲಿಗೆ ಹಾಕಿದರೆ ಮ್ಯಾನೇಜರ್ ವಾಪಸ್ ಕಳಿಸುತ್ತಾರೆ. ಉತ್ತರವೇ ಬರದಿದ್ದರೆ ಬೇರೆ ದಾರಿ ಹಿಡಿಯಬೇಕು: ಮಾರ್ಚ್ 31ರ ನಂತರ ಆ ಹಣ ಬಂತಾ ಅಂತ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ನೋಡುವುದು, ಬರದೇ ಇದ್ದಲ್ಲಿ ಬಿಲ್, ಇ-ವೇ ಬಿಲ್, ಲಾರಿ ರಸೀದಿ, ಮಾಲು ತಲುಪಿದ ಸಹಿ ಜೋಡಿಸುವುದು. ಕಂಪನಿಯಿಂದ ಬಂದವರು ಇಲ್ಲಿ ‘ಇವರು ನಮ್ಮ ಹಳೇ ಗ್ರಾಹಕರು’ ಎಂಬ ಅಕೌಂಟೆಂಟ್ ಮಾತನ್ನು ನಂಬಿಬಿಡುತ್ತಾರೆ. ನಿನ್ನೆವರೆಗೆ ತಾವೇ ಆ ಕುರ್ಚಿಯಲ್ಲಿ ಕೂತಿದ್ದವರಾದ್ದರಿಂದ ಆ ಮಾತು ಅವರಿಗೆ ಸಹಜವಾಗಿ ಕೇಳಿಸುತ್ತದೆ.

ಎರಡನೆಯದು ಬರವಣಿಗೆ. ಆ ಕೆಲಸದ ಸಂಬಂಧವೇ ಇಲ್ಲದ ಇನ್ನೊಬ್ಬ ಅನುಭವಿ ಆಡಿಟರ್ ಫೈಲ್ ತೆರೆದರೆ, ಏನು ಮಾಡಿದ್ದೀರಿ, ಏನು ಸಿಕ್ಕಿತು, ಯಾವ ತೀರ್ಮಾನಕ್ಕೆ ಬಂದಿರಿ ಅಂತ ಅವರಿಗೆ ಅರ್ಥವಾಗಬೇಕು ಅನ್ನುತ್ತದೆ ಎಸ್‌ಎ 230. ‘ಮಾರಾಟದ ಬಿಲ್ ಪರಿಶೀಲಿಸಿದೆ, ಸರಿಯಿದೆ’ ಅನ್ನುವ ಸಾಲಿಗೆ ಬೆಲೆಯಿಲ್ಲ. ವರ್ಷಾಂತ್ಯದ ಮಾರಾಟ ಯಾವ ವರ್ಷಕ್ಕೆ ಸೇರಿತು ಅಂತ ನೋಡುವಾಗ ಹೀಗೆ ಬರೆಯಬೇಕು: ‘ಬಿಲ್ 1187, ದಿನಾಂಕ 29-3, ₹6,42,000. ಲಾರಿ ರಸೀದಿ 31-3. ಗ್ರಾಹಕರ ಗೋದಾಮಿನಲ್ಲಿ ಮಾಲು ಇಳಿದದ್ದು 2-4. ಆರ್ಡರ್ ಪ್ರಕಾರ ಮಾಲಿನ ಹೊಣೆ ದಾಟುವುದು ಗ್ರಾಹಕರ ಗೋದಾಮಿನಲ್ಲಿ. ಮಾರಾಟ ಮುಂದಿನ ವರ್ಷದ್ದು, ಈ ವರ್ಷದಿಂದ ತೆಗೆಯಬೇಕು. ಮಾಲು ಅಸಲು ಬೆಲೆಗೆ ಸ್ಟಾಕ್‌ಗೆ ಮರಳಬೇಕು.’ ಯಾರು ಯಾವಾಗ ಮಾಡಿದ್ದು, ಯಾರು ಯಾವಾಗ ರಿವ್ಯೂ ಮಾಡಿದ್ದು ಅನ್ನುವುದೂ ಅದೇ ಪುಟದಲ್ಲಿರಬೇಕು. ವರದಿಗೆ ಸಹಿ ಬಿದ್ದ ದಿನದಿಂದ ಸಾಮಾನ್ಯವಾಗಿ 60 ದಿನದೊಳಗೆ ಫೈಲ್ ಜೋಡಿಸಿ ಮುಚ್ಚಬೇಕು. ಆಮೇಲೆ ನೆನಪಾಯಿತು ಅಂತ ಹಳೇ ದಿನಾಂಕ ಹಾಕಿ ಕಾಗದ ಸೇರಿಸುವುದು ತಪ್ಪು.

ಇಂಥ ವ್ಯತ್ಯಾಸ ದೊಡ್ಡದಾ ಚಿಕ್ಕದಾ ಅಂತ ಹೇಳಲು ಮೆಟೀರಿಯಾಲಿಟಿ, ಅಂದರೆ ಎಷ್ಟು ಮೊತ್ತದ ತಪ್ಪು ಲೆಕ್ಕಪತ್ರ ಓದುವವರ ನಿರ್ಧಾರ ಬದಲಿಸಬಹುದು ಅನ್ನುವ ಮಿತಿ, ಗೊತ್ತಿರಬೇಕು. ಎಸ್‌ಎ 320 ಶೇಕಡಾವಾರು ಮಿತಿಯನ್ನು ಕಡ್ಡಾಯ ಮಾಡಿಲ್ಲ. ಆದರೆ ಲಾಭದಲ್ಲಿರುವ ಕಂಪನಿಗೆ ತೆರಿಗೆಗೆ ಮುಂಚಿನ ಲಾಭದ ಶೇ. 5 ಅನ್ನುವುದು ಫರ್ಮ್‌ಗಳ ರೂಢಿ. ಲಾಭ 8 ಕೋಟಿ ಇದ್ದರೆ 40 ಲಕ್ಷ. ಪರೀಕ್ಷೆ ನಡೆಸುವಾಗ ಬಳಸುವ, ಅದಕ್ಕಿಂತ ಕೆಳಗಿನ ಮಿತಿಗೆ ಅದರ ಮುಕ್ಕಾಲು ಭಾಗ ಇಟ್ಟರೆ 30 ಲಕ್ಷ. ಲೆಕ್ಕಕ್ಕೇ ತೆಗೆದುಕೊಳ್ಳದಷ್ಟು ಸಣ್ಣದು 2 ಲಕ್ಷದ ಕೆಳಗಿನದು ಅಂತಿಟ್ಟುಕೊಂಡರೆ, ಮೇಲಿನ 6.42 ಲಕ್ಷದ ಬಿಲ್ ವ್ಯತ್ಯಾಸಗಳ ಪಟ್ಟಿಗೆ ಹೋಗಲೇಬೇಕು, ಒಂದೇ ಆದರೆ ಅದರಿಂದ ವರದಿ ಬದಲಾಗುವುದಿಲ್ಲ. ಇದೇ ರೀತಿಯ ಇನ್ನೂ ಎಷ್ಟು ಬಿಲ್ ಇರಬಹುದು ಅಂತ ಆಗ ಕೇಳಿಕೊಳ್ಳಬೇಕು. ಹೊಸಬರು ಸಿಕ್ಕಿದ ಒಂದನ್ನು ಸರಿಮಾಡಿಸಿ ಅಲ್ಲಿಗೇ ಬಿಡುತ್ತಾರೆ.

ನಿಮ್ಮಲ್ಲಿರುವ ಬಲದ ವಿಷಯ. ಕ್ಯಾರೊ 2020ರಲ್ಲಿ (ಆಡಿಟರ್ ತಮ್ಮ ವರದಿಯಲ್ಲಿ ಉತ್ತರಿಸಬೇಕಾದ ವಿಷಯಗಳನ್ನು ಪಟ್ಟಿ ಮಾಡಿದ ಸರ್ಕಾರಿ ಆದೇಶ) ಒಂದು ಪ್ರಶ್ನೆ ಇದೆ: ಸ್ಟಾಕ್, ಬಾಕಿಯಂಥ ಆಸ್ತಿಯ ಭದ್ರತೆಯ ಮೇಲೆ 5 ಕೋಟಿಗಿಂತ ಹೆಚ್ಚು ವರ್ಕಿಂಗ್ ಕ್ಯಾಪಿಟಲ್ (ದಿನನಿತ್ಯದ ವ್ಯವಹಾರದ ಹಣ) ಸಾಲದ ಮಿತಿ ಪಡೆದ ಕಂಪನಿ, ಬ್ಯಾಂಕಿಗೆ ಕೊಟ್ಟ ತ್ರೈಮಾಸಿಕ ಸ್ಟೇಟ್‌ಮೆಂಟ್ ಲೆಕ್ಕಪುಸ್ತಕಕ್ಕೆ ತಾಳೆಯಾಗುತ್ತದೆಯೇ? ನೀವು ಕಂಪನಿಯಲ್ಲಿ ಸ್ಟಾಕ್ ಸ್ಟೇಟ್‌ಮೆಂಟ್ ತಯಾರಿಸಿದ್ದರೆ ವ್ಯತ್ಯಾಸ ಎಲ್ಲಿಂದ ಹುಟ್ಟುತ್ತದೆ ಅಂತ ನಿಮಗೆ ಗೊತ್ತು. 90 ದಿನ ದಾಟಿದ ಬಾಕಿ ಬಿಟ್ಟಿರುತ್ತಾರೆ, ಮಾಲು ಬಂದರೂ ಬಿಲ್ ಬುಕ್ ಆಗಿರುವುದಿಲ್ಲ, ತಿಂಗಳ ಕೊನೆಯ ಎಂಟ್ರಿ ಬೀಳುವ ಮೊದಲೇ ಸ್ಟೇಟ್‌ಮೆಂಟ್ ಹೋಗಿರುತ್ತದೆ. ಫರ್ಮ್‌ನಲ್ಲಿ ಸಿಎ ತರಬೇತಿಯಲ್ಲಿರುವ ಆರ್ಟಿಕಲ್ ಹುಡುಗರಿಗೆ ಇದು ಹೊಳೆಯುವುದಿಲ್ಲ. ರೆಸ್ಯೂಮೆಯಲ್ಲಿ ‘ತಿಂಗಳ ಕ್ಲೋಸಿಂಗ್ ನೋಡಿಕೊಂಡೆ’ ಅನ್ನುವ ಬದಲು ಇಂಥದ್ದನ್ನೇ ಬರೆಯಿರಿ: ಆಡಿಟರ್‌ಗೆ ಯಾವ ಶೆಡ್ಯೂಲ್‌ಗಳನ್ನು ಕೊಟ್ಟಿರಿ, ಜಿಎಸ್‌ಟಿ ವಾರ್ಷಿಕ ರಿಟರ್ನ್ ತಾಳೆ ಮಾಡಿದ್ದೀರಾ, ಇಂಡ್ ಎಎಸ್ (ಲೆಕ್ಕಪತ್ರ ಮಾನದಂಡ) 115 ಅಂದರೆ ಆದಾಯದ್ದು, ಅಥವಾ 116 ಅಂದರೆ ಲೀಸ್‌ನದ್ದು, ಇವುಗಳ ಕೆಲಸ ಮಾಡಿದ್ದೀರಾ. ಸಂದರ್ಶನಕ್ಕೆ ಎಸ್‌ಎ 315, 320, 330, 505, 530, 705 ಮತ್ತೆ ಓದಿ. ಕ್ವಾಲಿಫೈಡ್ (ಒಂದು ವಿಷಯ ಬಿಟ್ಟರೆ ಲೆಕ್ಕ ಸರಿ) ಮತ್ತು ಅಡ್ವರ್ಸ್ (ಒಟ್ಟಾರೆ ಲೆಕ್ಕವೇ ಸರಿಯಿಲ್ಲ) ಅಭಿಪ್ರಾಯದ ವ್ಯತ್ಯಾಸವನ್ನು ಉದಾಹರಣೆಯೊಂದಿಗೆ ಹೇಳಲು ಬಾರದಿದ್ದರೆ ಮಿಕ್ಕ ಉತ್ತರಗಳು ಕೈಹಿಡಿಯುವುದಿಲ್ಲ. ತೆರಿಗೆ ಕೆಲಸವೂ ಇರುವ ಫರ್ಮ್ ಆದರೆ, 2025ರ ಆದಾಯ ತೆರಿಗೆ ಕಾಯ್ದೆ 2026 ಏಪ್ರಿಲ್ 1ರಿಂದ ಜಾರಿ, ಹಿಂದಿನ ವರ್ಷಗಳಿಗೆ 1961ರದ್ದೇ. ಎರಡೂ ಬೇಕು.

ಸೇರುವ ಮುಂಚೆ ನಿಮ್ಮ ಡಿಮ್ಯಾಟ್ ಖಾತೆ ತೆರೆದು ನೋಡಿ. ಫರ್ಮ್‌ನ ಆಡಿಟ್ ಕ್ಲೈಂಟ್‌ಗಳ ಷೇರು ನಿಮ್ಮ ಹೆಸರಲ್ಲೋ ಮನೆಯವರ ಹೆಸರಲ್ಲೋ ಇದ್ದರೆ ಮೊದಲೇ ತಿಳಿಸಬೇಕು, ದೊಡ್ಡ ಫರ್ಮ್‌ಗಳಲ್ಲಿ ಮಾರಲೂ ಹೇಳುತ್ತಾರೆ. ಈಗಿನ ಕಂಪನಿಯೇ ಆ ಫರ್ಮ್‌ನ ಕ್ಲೈಂಟ್ ಆಗಿದ್ದರೆ ಸಂದರ್ಶನದಲ್ಲೇ ಹೇಳಿ. ನೀವೇ ಲೆಕ್ಕ ಬರೆದ ಅವಧಿಯ ಆಡಿಟ್ ತಂಡದಲ್ಲಿ ನೀವು ಇರುವಂತಿಲ್ಲ. ಅಲ್ಲಿ ನೌಕರರಿಗೆ ಕೊಡುವ ಇಸಾಪ್ (ESOP) ಷೇರು ನಿಮಗೆ ಬಾಕಿ ಇದ್ದರೆ ಅದೂ ಬರಬೇಕು ಮಾತಿಗೆ.

ನೌಕರರಾಗಿ ಫರ್ಮ್ ಸೇರಲು ಪ್ರಾಕ್ಟೀಸ್ ಸರ್ಟಿಫಿಕೇಟ್ (ಸ್ವತಂತ್ರವಾಗಿ ಸಿಎ ವೃತ್ತಿ ನಡೆಸಲು ಸಿಎ ಸಂಸ್ಥೆ ಐಸಿಎಐ ಕೊಡುವ ಅನುಮತಿ) ಬೇಕಿಲ್ಲ, ವರದಿಗೆ ಪಾರ್ಟ್ನರ್ ಸಹಿ ಹಾಕುತ್ತಾರೆ. ಮುಂದೆ ಪಾರ್ಟ್ನರ್ ಆಗುವಾಗ ಫಾರ್ಮ್ 6ರಲ್ಲಿ ಪೂರ್ಣಾವಧಿ ಸರ್ಟಿಫಿಕೇಟ್‌ಗೆ ಅರ್ಜಿ ಹಾಕಬೇಕು, ಫರ್ಮ್ ಕಡೆಯಿಂದ ಫಾರ್ಮ್ 18 ಹೋಗಬೇಕು. ಕಂಪನಿ ಕೆಲಸದಲ್ಲಿದ್ದುಕೊಂಡೇ ಪಾರ್ಟ್‌ಟೈಮ್ ಸರ್ಟಿಫಿಕೇಟ್ ತೆಗೆದುಕೊಂಡು ಆಡಿಟ್‌ಗೆ ಸಹಿ ಹಾಕೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ, 2005ರ ಏಪ್ರಿಲ್‌ನಿಂದ ಅದಕ್ಕೆ ಅವಕಾಶವಿಲ್ಲ.

ದೊಡ್ಡದೋ ಚಿಕ್ಕದೋ ಅನ್ನುವುದಕ್ಕೆ ನನ್ನ ಉತ್ತರ ನೇರ. ಮುಂದೆ ಸ್ವಂತ ಪ್ರಾಕ್ಟೀಸ್ ಮಾಡುವ ಆಸೆ ಇದ್ದರೆ ಜಯನಗರ, ಮಲ್ಲೇಶ್ವರದಂಥ ಕಡೆ ಐದಾರು ಪಾರ್ಟ್ನರ್‌ಗಳಿರುವ ಫರ್ಮ್ ಒಳ್ಳೆಯದು, ಆಡಿಟ್ ಜೊತೆ ಜಿಎಸ್‌ಟಿ ನೋಟಿಸು, ತೆರಿಗೆ ವಿಚಾರಣೆ, ಬ್ಯಾಂಕ್ ಬ್ರಾಂಚ್ ಆಡಿಟ್ ಎಲ್ಲವೂ ಕೈಗೆ ಬರುತ್ತವೆ. ಲಿಸ್ಟೆಡ್ ಕಂಪನಿಗಳ ಆಡಿಟ್ ಬೇಕಿದ್ದರೆ ದೊಡ್ಡದಕ್ಕೇ ಹೋಗಿ. ಸಂಬಳ ಎರಡೂ ಕಡೆ ಇಳಿಯಬಹುದು, ಚಿಕ್ಕದರಲ್ಲಿ ಹೆಚ್ಚು. ಆಫರ್ ಒಪ್ಪುವ ಮೊದಲು ಮೂರು ವಿಷಯ ಕೇಳಿಕೊಳ್ಳಿ: ನನ್ನ ಫೈಲ್ ಯಾರು ರಿವ್ಯೂ ಮಾಡುತ್ತಾರೆ, ಮೊದಲ ವರ್ಷ ಯಾವ ಉದ್ಯಮದ ಕ್ಲೈಂಟ್‌ಗಳು, ಹೊರ ಊರಿನ ಕೆಲಸ ಎಷ್ಟು. ಮೊದಲನೆಯದಕ್ಕೆ ಸ್ಪಷ್ಟ ಉತ್ತರ ಸಿಗದ ಕಡೆ ಸಂಬಳ ಹೆಚ್ಚಿದ್ದರೂ ಸೇರಬೇಡಿ.