ಮಿದುಳಿಗೆ ಪೆಟ್ಟಾದ ಮಗ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾನೆ, ಮಾತುಮಾತಿಗೂ ರೇಗುತ್ತಾನೆ. ಮನೆಯವರು ಹೇಗೆ ನಿಭಾಯಿಸಬೇಕು?

ಆ ಸಿಟ್ಟನ್ನು ನಿಮ್ಮ ಮೇಲಿನದ್ದು ಅಂತ ದಯವಿಟ್ಟು ತಿಳಿಯಬೇಡಿ. ಆವೇಶಕ್ಕೆ ಕಡಿವಾಣ ಹಾಕುವುದು ಮುಖ್ಯವಾಗಿ ಹಣೆಯ ಹಿಂದಿರುವ ಮಿದುಳಿನ ಭಾಗ. ಅಲ್ಲಿ ಪೆಟ್ಟಾದರೆ ಮನಸ್ಸಿಗೆ ಬಂದದ್ದು ತಡೆಯಿಲ್ಲದೆ ಬಾಯಿಗೆ ಬರುತ್ತದೆ. ಜೊತೆಗೆ ವಿಪರೀತ ಸುಸ್ತು. ನೋಡಿದವರಿಗೆ ಸೋಮಾರಿತನ ಅನ್ನಿಸಬಹುದು, ಆದರೆ ಸಣ್ಣ ಕೆಲಸಕ್ಕೂ ಅವನ ಮಿದುಳು ಜಾಸ್ತಿ ದುಡಿಯಬೇಕು.

ನಮ್ಮ ಮಗನಿಗೂ ಹೀಗೇ ಆಗಿತ್ತು. ಟಿವಿ ಆಫ್ ಮಾಡಿ, ಒಂದು ಸಲಕ್ಕೆ ಒಬ್ಬರೇ ಮಾತಾಡಲು ಶುರು ಮಾಡಿದ ಮೇಲೆ ಎಷ್ಟೋ ಜಗಳ ತಾನಾಗೇ ನಿಂತವು. "ಯಾವ ಶರ್ಟ್ ಹಾಕ್ಕೋತೀಯಪ್ಪ?" ಅಂದರೆ ಅವನು ತಬ್ಬಿಬ್ಬಾಗುತ್ತಾನೆ, ಆಮೇಲೆ ಕೂಗಾಟ. ಎರಡು ಶರ್ಟ್ ಎತ್ತಿ ಹಿಡಿದು "ನೀಲಿನಾ, ಬಿಳಿನಾ?" ಅಂದರೆ ಸ್ವಲ್ಪ ಹೊತ್ತು ನೋಡಿ ಬೆರಳು ತೋರಿಸುತ್ತಾನೆ. ಆ ಸ್ವಲ್ಪ ಹೊತ್ತು ನಾವು ಸುಮ್ನೆ ಇರಬೇಕು, ಅದೇ ಕಷ್ಟ.

ಉಳಿದ ಮಕ್ಕಳಿಗೂ ನಿಜ ಹೇಳಿ. ಅಣ್ಣ ಯಾಕೆ ಬದಲಾದ ಅಂತ ಗೊತ್ತಾಗದೆ ಅವು ಒಳಗೊಳಗೇ ಹೆದರಿರುತ್ತವೆ, ಅಲ್ವಾ? ರಾತ್ರಿ ಪಾಳಿ ಹಂಚಿಕೊಳ್ಳಿ. ನಿದ್ದೆಗೆಟ್ಟವರಿಗೆ ತಾಳ್ಮೆ ಎಲ್ಲಿಂದ ಬರಬೇಕು?

ಸಿಟ್ಟಿನ ಜೊತೆ ಪದೇ ಪದೇ ವಾಂತಿ, ಫಿಟ್ಸ್, ಎಬ್ಬಿಸಿದರೂ ಏಳದ ಮಂಪರು, ಇವುಗಳಲ್ಲಿ ಯಾವುದೊಂದು ಕಂಡರೂ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.