ತೆರಿಗೆ ಕಟ್ಟುವವನಿಗೆ ಝಕಾತ್ ಯಾಕೆ ಎಂದವರ ನಿಕಾಹ್ ಮುರಿಯಿತೇ?

ಗಂಡನೋ ಮಗನೋ ನಮಾಝ್ ಮತ್ತು ಕಡ್ಡಾಯ ದಾನವಾದ ಝಕಾತ್‌ಗಳ ಬಗ್ಗೆ ಅಡ್ಡಮಾತಾಡಿದನೆಂದು ಮನೆಯವರೇ ಅವನನ್ನು ಇಸ್ಲಾಮಿನಿಂದ ಹೊರಗಿಟ್ಟು, ಆ ಬಳಿಕ ಸಲಹೆ ಕೇಳಿಕೊಂಡು ಬರುವ ಪ್ರಕರಣಗಳು ಈಚೆಗೆ ಮತ್ತೆ ಮತ್ತೆ ಎದುರಾಗುತ್ತಿವೆ. ಅವುಗಳಲ್ಲೊಂದನ್ನು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಇಲ್ಲಿ ಬರೆಯುತ್ತಿದ್ದೇನೆ.

ಕರಾವಳಿಯ ಒಂದು ಕುಟುಂಬ. ಪತಿ ಸಣ್ಣ ವ್ಯಾಪಾರಿ. ಇಫ್ತಾರಿಗೆ ನೆಂಟರೆಲ್ಲ ಸೇರಿದ್ದಾಗ ಅವರು, "ಸರ್ಕಾರಕ್ಕೆ ತೆರಿಗೆ ಕಟ್ಟುತ್ತೇನೆ, ಅದರ ಮೇಲೆ ಝಕಾತ್ ಬೇರೆ ಕೊಡಬೇಕಾಗಿಲ್ಲ, ಅದೆಲ್ಲ ಆ ಕಾಲದ ಏರ್ಪಾಡು" ಎಂದುಬಿಟ್ಟರು. ಪತ್ನಿಯ ಅಣ್ಣ ಅಂದಿನಿಂದ ಅವರ ಸಲಾಮಿಗೆ ಉತ್ತರಿಸಲಿಲ್ಲ, ಅವರು ಕೊಯ್ದ ಕೋಳಿಯನ್ನು ಮುಟ್ಟಲಿಲ್ಲ. ಕೊನೆಗೆ ತಂಗಿಯನ್ನು ಕರೆದು, ಅವನು ಕಾಫಿರ್ (ಇಸ್ಲಾಮಿನಿಂದ ಹೊರಗಾದವನು) ಆಗಿದ್ದಾನೆ, ನಿನ್ನ ನಿಕಾಹ್ (ಮದುವೆ) ಮುರಿದಿದೆ, ಮಕ್ಕಳನ್ನು ಕರೆದುಕೊಂಡು ಹೊರಟು ಬಾ ಎಂದರು. ಹೊರಡುವ ಮೊದಲು ಆಕೆ ನನ್ನ ಬಳಿ ಬಂದರು.

ಮೂವರನ್ನೂ ಒಟ್ಟಿಗೆ ಕೂರಿಸಿದ ದಿನ ಅಣ್ಣ ಸಿದ್ಧತೆ ಮಾಡಿಕೊಂಡೇ ಬಂದಿದ್ದರು. ಝಕಾತ್ ನಿರಾಕರಿಸಿದವರ ವಿರುದ್ಧ ಖಲೀಫಾ ಅಬೂಬಕರ್ (ರ) ಯುದ್ಧವನ್ನೇ ಸಾರಿದ್ದರಲ್ಲವೇ ಎಂಬುದು ಅವರ ವಾದ. ಹೌದು, ಆದರೆ ಅದು ಪ್ರವಾದಿಯವರು (ಸ) 632ರಲ್ಲಿ ನಿಧನರಾದ ಬಳಿಕ ಗೋತ್ರಗಳೇ ಒಗ್ಗೂಡಿ ಝಕಾತ್ ತಡೆಹಿಡಿದಾಗ ರಾಜ್ಯದ ಹೊಣೆ ಹೊತ್ತವರು ಕೈಗೊಂಡ ತೀರ್ಮಾನ. ಅಷ್ಟಾಗಿಯೂ, ಕಲಿಮ (ಇಸ್ಲಾಮಿನ ವಿಶ್ವಾಸವಚನ) ಹೇಳಿದವರ ಮೇಲೆ ಯುದ್ಧ ಹೇಗೆಂದು ಮೊದಲು ಪ್ರಶ್ನಿಸಿದವರು ಮುಂದೆ ಖಲೀಫಾ ಆದ ಉಮರ್ (ರ). ಮನೆಯ ಮಾತಿಗೆ ಭಾವಮೈದುನ ತೀರ್ಪು ಕೊಡಲು ಅದು ಆಧಾರವಾಗಲಾರದು ಎಂದೆ. ಆಮೇಲೆ, "ಬಾವ ಯಾಕೆ ಹಾಗೆಂದರು ಎಂದು ಅವರನ್ನೇ ಕೇಳಿದ್ದೀರಾ?" ಎಂದು ವಿಚಾರಿಸಿದೆ.

"ಕೇಳುವುದೇನಿದೆ ಸರ್, ಎಲ್ಲರ ಎದುರಿಗೇ ಹೇಳಿದ್ದಾನಲ್ಲ."

ಅಲ್ಲಿಯವರೆಗೆ ಸುಮ್ಮನಿದ್ದ ಪತಿ ಬಾಯಿಬಿಟ್ಟರು: "ಅಂಗಡಿ ಸಾಲ ಕುತ್ತಿಗೆಗೆ ಬಂದಿತ್ತು. ಪ್ರತಿ ರಮಝಾನಿಗೆ ಝಕಾತ್ ಕೇಳಿ ಬರುವವರು ಬಾಗಿಲಿಗೆ ಬಂದಿದ್ದರು. ಕೊಡಲು ಇಲ್ಲ ಅನ್ನುವುದಕ್ಕಿಂತ ಕೊಡಬೇಕಾಗಿಲ್ಲ ಅನ್ನುವುದು ಸುಲಭವಾಯಿತು."

ಅವರ ಮಾತೆಲ್ಲ ನಾಚಿಕೆಯಿಂದಲೇ ಹುಟ್ಟಿತ್ತು ಎಂದು ನಾನು ಹೇಳುತ್ತಿಲ್ಲ. ಒತ್ತಿ ಕೇಳಿದಾಗ, ತೆರಿಗೆಯ ವಾದ ತನಗೆ ಹಿಡಿಸಿದ್ದೂ ನಿಜವೆಂದು ಒಪ್ಪಿದರು. ಝಕಾತ್ ಯಾರಿಗೆ ಸಲ್ಲಬೇಕೆಂದು ಕುರ್‌ಆನ್ (9:60) ಎಂಟು ವರ್ಗಗಳನ್ನು ಹೆಸರಿಸಿರುವಾಗ ತೆರಿಗೆ ಅದರ ಜಾಗಕ್ಕೆ ಬರುವುದಿಲ್ಲವೆಂದು ಅವರಿಗೆ ನೇರವಾಗಿಯೇ ತಿಳಿಸಿದೆ. ಸುಮಾರು 85 ಗ್ರಾಂ ಚಿನ್ನದ ಬೆಲೆಯ ಸಂಪತ್ತು ಚಾಂದ್ರಮಾನದ ಒಂದು ವರ್ಷ ಕೈಯಲ್ಲಿದ್ದರೆ ಅದರ ಶೇ. 2.5 ಸಲ್ಲಬೇಕು, ಸಾಲವಿದ್ದವರ ಲೆಕ್ಕದಲ್ಲಿ ಹನಫಿ ಮತ್ತು ಶಾಫಿಈ ಪಂಥಗಳ ವಿದ್ವಾಂಸರ ನಿಲುವು ಒಂದೇ ಅಲ್ಲವಾದ್ದರಿಂದ, ಉಸ್ತಾದರ ಮುಂದೆ ಲೆಕ್ಕಪುಸ್ತಕ ಇಟ್ಟು ಕೇಳಿ ಎಂದೆ.

ಪತ್ನಿಗೆ ಕೊಟ್ಟ ಸಲಹೆ: ಅಣ್ಣನ ಮಾತಿನಿಂದ ನಿಕಾಹ್ ಮುರಿಯುವುದಿಲ್ಲ, ವಿಚಾರಿಸಿ ಹೇಳಬೇಕಾದವರು ಖಾಝಿ (ಧಾರ್ಮಿಕ ನ್ಯಾಯಾಧೀಶ), ಅಲ್ಲಿಯವರೆಗೆ ಮನೆ ಬಿಡಬೇಡಿ. ಅಣ್ಣನಿಗೆ ಹೇಳಿದ್ದು: ಆ ಮಾತು ತಪ್ಪೆಂದು ಎಷ್ಟು ಬಲವಾಗಿಯಾದರೂ ಹೇಳಿ, ಆ ಮನುಷ್ಯ ಕಾಫಿರ್ ಎನ್ನಬೇಡಿ.

ಹೀಗೆ ಹೇಳುವುದು ಧರ್ಮವನ್ನು ಸಡಿಲಗೊಳಿಸಿದಂತೆ ಎಂದು ನನ್ನ ಮೇಲೆ ಆಕ್ಷೇಪವಿದೆ. ಗೊತ್ತಿದ್ದೂ ಕಡ್ಡಾಯವನ್ನು ಅಲ್ಲಗಳೆಯುವುದು ಸೋಮಾರಿತನದಿಂದ ಬಿಡುವುದಕ್ಕಿಂತ ಗಂಭೀರವೆಂಬುದನ್ನು ನಾನು ಮರೆಮಾಚುವುದಿಲ್ಲ. ಆದರೆ ಮಾತು ಕುಫ್ರ್ (ವಿಶ್ವಾಸದ ನಿರಾಕರಣೆ) ಆದಮಾತ್ರಕ್ಕೆ ಆಡಿದವನು ಕಾಫಿರ್ ಆಗಿಬಿಡುವುದಿಲ್ಲ, ಅವನಿಗೆ ತಿಳಿದಿತ್ತೇ, ತಪ್ಪಾಗಿ ಅರ್ಥೈಸಿದನೇ, ಒತ್ತಡವಿತ್ತೇ ಎಂದು ಮೊದಲು ನೋಡಬೇಕೆಂಬುದು ನನ್ನ ಸ್ವಂತ ಔದಾರ್ಯವಲ್ಲ, ವಿದ್ವಾಂಸರೇ ಹಾಕಿಕೊಟ್ಟ ಷರತ್ತು. ಪ್ರವಾದಿಯವರ ಜೊತೆ ಬದ್ರ್ ಯುದ್ಧದಲ್ಲಿ ಹೋರಾಡಿದ್ದ ಖುದಾಮ ಬಿನ್ ಮಝ್‌ಊನ್ ಅವರು ಅಲ್‌ಮಾಇದ ಅಧ್ಯಾಯದ ವಚನವೊಂದನ್ನು ತಪ್ಪಾಗಿ ಗ್ರಹಿಸಿ ಮದ್ಯ ತನಗೆ ದೋಷವಲ್ಲವೆಂದಾಗ, ಉಮರ್ (ರ) ಅವರಿಗೆ ಛಡಿಯೇಟಿನ ಶಿಕ್ಷೆ ಕೊಟ್ಟರೇ ಹೊರತು ಇಸ್ಲಾಮಿನಿಂದ ಹೊರಹಾಕಲಿಲ್ಲ. ಸಹೋದರನನ್ನು ಕಾಫಿರ್ ಎಂದರೆ ಆ ಮಾತು ಇಬ್ಬರಲ್ಲೊಬ್ಬರಿಗೆ ತಗಲುತ್ತದೆ ಎಂಬ ಬುಖಾರಿ, ಮುಸ್ಲಿಂ ಸಂಗ್ರಹಗಳ ಹದೀಸ್ ಎಚ್ಚರಿಸುವುದು ಹೇಳುವವನನ್ನೇ. ನನ್ನ ಬಳಿ ಬರುವ ಅಣ್ಣಂದಿರು (ಅಪ್ಪಂದಿರೂ ಇದ್ದಾರೆ) ಅದನ್ನು ತಮಗೆ ಸಂಬಂಧಿಸಿದ್ದೆಂದು ಓದುವುದೇ ಇಲ್ಲ.

ಈ ಅಣ್ಣ ಪೂರ್ತಿ ಒಪ್ಪಿಲ್ಲ. ಖಾಝಿಯವರನ್ನು ಕಾಣುವವರೆಗೆ ತಂಗಿಯನ್ನು ಕರೆಯುವುದಿಲ್ಲ ಎಂಬಷ್ಟಕ್ಕೆ ಒಪ್ಪಿದ್ದಾರೆ; ಪತಿ ಅಂಗಡಿಯ ಲೆಕ್ಕವನ್ನು ಉಸ್ತಾದರಿಗೆ ತೋರಿಸುವುದು ಇನ್ನೂ ಬಾಕಿಯಿದೆ.