ಪೂರ್ವ ಆಫ್ರಿಕಾದ ಭಾಷೆ ಸ್ವಾಹಿಲಿಯಲ್ಲಿ 'ಸಫಾರಿ' ಅಂದರೆ ಕಾಡುಪ್ರಾಣಿ ನೋಡೋಕೆ ಹೋಗೋದು ಅಂತಾನಾ?

ಅಲ್ಲ, ಬರೀ ಪ್ರಯಾಣ ಅಂತ. ನೈರೋಬಿಯಿಂದ ಮೊಂಬಾಸಾಗೆ ಮದುವೆಗೆ ಹೊರಟವರಿಗೂ 'ಸಫಾರಿ ನ್ಜೆಮಾ' ಅನ್ನುತ್ತಾರೆ, ಅಂದರೆ ಸುಖವಾಗಿ ಹೋಗಿ ಬನ್ನಿ. ಮೂಲ ಅರಬ್ಬಿಯ 'ಸಫರ್'. ಬೇಟೆ, ಪ್ರಾಣಿ ಎಲ್ಲ ಇಂಗ್ಲಿಷ್‌ಗೆ ಹೋದ ಮೇಲೆ ಅಂಟಿಕೊಂಡ ಅರ್ಥ. ನಮ್ಮ ಬಂಡೀಪುರದ ಸಫಾರಿಯೂ ಆ ದಾರಿಯಲ್ಲೇ ಬಂದದ್ದು.

ನನಗೆ ಜಾಸ್ತಿ ಇಷ್ಟವಾದ ಪದ 'ಕಿಟಾಬು', ಪುಸ್ತಕ. ಇದೂ ಅರಬ್ಬಿಯದೇ. ನಾವು ಬಹುವಚನಕ್ಕೆ ಕೊನೆಯಲ್ಲಿ 'ಗಳು' ಸೇರಿಸುತ್ತೇವೆ, ಅಲ್ವಾ? ಸ್ವಾಹಿಲಿಯಲ್ಲಿ ಪದದ ತಲೆಯೇ ಬದಲಾಗುತ್ತದೆ: 'ಕಿಟಿ' ಕುರ್ಚಿ, 'ವಿಟಿ' ಕುರ್ಚಿಗಳು. ಹೊರಗಿಂದ ಬಂದ ಕಿಟಾಬಿನ 'ಕಿ'ಯನ್ನೂ ತಮ್ಮದೇ ಅಂದುಕೊಂಡು 'ವಿಟಾಬು' ಮಾಡಿಬಿಟ್ಟರು! ಎಷ್ಟು ಚೆಂದ.

'ಗಾರಿ' ಅಂದರೆ? ನಮ್ಮ ಗಾಡಿಯೇ. ಅದು ಭಾರತದಿಂದ ಅಲ್ಲಿಗೆ ಹೋದ ಪದ.